ಎಂಜಿನ್ನಿನೊಳಗೆ ಮುರಿದುಳಿದ ಬೋಲ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಕಾರಿನ ಕೆಲಸ ಮಾಡಿಕೊಳ್ಳಲು ಹೋಗಿ ಎಂಜಿನ್ನಿನಲ್ಲಿ ಬೋಲ್ಟು ಮುರಿದುಕೊಂಡ ಓದುಗರ ಪತ್ರಗಳು ನಮಗೆ ಆಗಾಗ ಬರುತ್ತಿರುತ್ತವೆ. ಒಂದಕ್ಕಿಂತ ಒಂದು ಭಿನ್ನವಾದ ಕೆಲವು ಪತ್ರಗಳನ್ನು ಆಯ್ದು ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರಿನ ಥರ್ಮೋಸ್ಟಾಟ್ ಬದಲಿಸಲು ಹೋದಾಗ, ಅದರ ಮುಚ್ಚಳದ ಎರಡು ಬೋಲ್ಟುಗಳಲ್ಲಿ ಒಂದು ಸಲೀಸಾಗಿ ಬಂದಿತು, ಇನ್ನೊಂದರ ತಲೆ ಕಿತ್ತು ಸ್ಪ್ಯಾನರಿನಲ್ಲೇ ಉಳಿಯಿತು. ಮುಚ್ಚಳ ಕಳಚಿದ ಮೇಲೆ ಸುಮಾರು ಒಂದು ಸೆಂಟಿಮೀಟರ್ ತುಂಡು ಹೊರಗೆ ಕಾಣುತ್ತಿದೆ. ಹನ್ನೆರಡರ ಬೋಲ್ಟು, ಎಂಜಿನ್ ಹೆಡ್ ಅಲ್ಯೂಮಿನಿಯಮ್ಮಿನದು. ಅಂಗಡಿಯವರು ‘ಈಸಿ ಔಟ್’ (ಮುರಿದ ತುಂಡಿನೊಳಗೆ ಕಚ್ಚಿಸಿ ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್) ಸೆಟ್ ಕೊಟ್ಟಿದ್ದಾರೆ. ಬಳಸಬಹುದೇ? (ಕುಂದಾಪುರ)

ಉತ್ತರ: ಆ ಸೆಟ್ಟನ್ನು ಸದ್ಯಕ್ಕೆ ಡಬ್ಬಿಯಲ್ಲೇ ಇರಿಸಿ. ಮುರಿದ ಬೋಲ್ಟಿಗೆ ಕೈಹಾಕುವ ಮುನ್ನ ಅದು ಏಕೆ ಮುರಿಯಿತು ಎಂಬುದನ್ನು ತಿಳಿದುಕೊಳ್ಳಬೇಕು. ಯಾವ ಉಪಕರಣ ಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಬಿಗಿಯುವಾಗ ಮುರಿದ ಬೋಲ್ಟಿನ ಥ್ರೆಡ್ಡಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ತಲೆ ಹೋದ ಕೂಡಲೇ ಎಳೆತವೂ ಹೋಗುವುದರಿಂದ ಒಳಗಿನ ತುಂಡು ಸಡಿಲವಾಗಿಯೇ ಕುಳಿತಿರುತ್ತದೆ. ನಿಮ್ಮದು ಬಿಚ್ಚುವಾಗ ಮುರಿದದ್ದು, ಅಂದರೆ ಥ್ರೆಡ್ಡೇ ಹಿಡಿದುಕೊಂಡಿದೆ. ಹನ್ನೆರಡರ ಸ್ಪ್ಯಾನರ್ ಹಿಡಿಸುವ ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ ಎಂ8, ಅಂದರೆ 8 ಮಿ.ಮೀ. ದಪ್ಪದ್ದು; ಪಿಚ್ (ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನದಕ್ಕೂ ನಡುವಿನ ಅಂತರ) 1.25 ಮಿ.ಮೀ. ಆ 8 ಮಿ.ಮೀ. ಉಕ್ಕೇ ತಡೆಯಲಾರದೆ ಕಿತ್ತುಹೋದ ತಿರುಚನ್ನು, ಅದರ ನಡುವೆ ಕೊರೆದ ರಂಧ್ರದಲ್ಲಿ ಕೂರುವ 4 ಮಿ.ಮೀ. ಎಕ್ಸ್‌ಟ್ರ್ಯಾಕ್ಟರ್ ತಡೆದೀತೇ? ಸರಳಿನ ತಿರುಚು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. ವ್ಯಾಸ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಎಕ್ಸ್‌ಟ್ರ್ಯಾಕ್ಟರಿನ ಉಕ್ಕು ಬೋಲ್ಟಿಗಿಂತ ಗಟ್ಟಿ ಎಂಬುದು ನಿಜವೇ ಆದರೂ ಎಂಟು ಪಟ್ಟು ಗಟ್ಟಿಯಂತೂ ಅಲ್ಲ. ಸಾಲದ್ದಕ್ಕೆ, ಶಂಕುವಿನಾಕಾರದ ಸುರುಳಿ ಎಕ್ಸ್‌ಟ್ರ್ಯಾಕ್ಟರ್ ಒಳಗೆ ಇಳಿದಷ್ಟೂ ಬೋಲ್ಟಿನ ತುಂಡನ್ನು ಹೊರಕ್ಕೆ ಹಿಗ್ಗಿಸಿ, ಥ್ರೆಡ್ಡನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಅಲ್ಯೂಮಿನಿಯಮ್ಮಿನೊಳಗೆ ಉಕ್ಕಿನ ಬೋಲ್ಟು ಹೀಗೆ ಕಚ್ಚಿಕೊಳ್ಳುವುದಕ್ಕೆ ಕಾರಣ ಎರಡು ಲೋಹಗಳ ನಡುವೆ ಸೇರಿಕೊಂಡ ತೇವ. ಥರ್ಮೋಸ್ಟಾಟ್ ಮುಚ್ಚಳದ ಗ್ಯಾಸ್ಕೆಟ್ಟಿನಿಂದ ಜಿನುಗುವ ಕೂಲೆಂಟ್ ಥ್ರೆಡ್ಡಿಗೆ ಇಳಿದರೆ ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕಾದ್ದರಿಂದ ಅದು ಬೋಲ್ಟನ್ನು ಸುತ್ತಲಿನಿಂದ ಅದುಮಿ ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ ಇದಕ್ಕೆ ಇನ್ನಷ್ಟು ಪುಷ್ಟಿ ಕೊಡುತ್ತದೆ. ಆದರೆ ಇದೇ ಜೋಡಿಯಲ್ಲಿ ನಿಮಗೆ ಅನುಕೂಲವಾಗುವ ಗುಣವೂ ಒಂದಿದೆ. ಒಂದೇ ಪ್ರಮಾಣದಲ್ಲಿ ಕಾಸಿದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 100 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 8 ಮಿ.ಮೀ. ರಂಧ್ರಕ್ಕೂ ಬೋಲ್ಟಿಗೂ ನಡುವೆ ಸುಮಾರು 9 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಬೋಲ್ಟು ಸಡಿಲಾಗಲು ಇದು ಸಾಲದು. ಪುಡಿಯ ಹಿಡಿತ ಬಿರಿಯಲು, ಎಣ್ಣೆ ಒಳಗೆ ಹರಿಯಲು ಸಾಕು.

ಆದ್ದರಿಂದ ಮೊದಲ ದಿನ ತುಂಡಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ತುಂಡಿನ ತುದಿಗೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಹತ್ತಾರು ಪೆಟ್ಟು ಕೊಟ್ಟು, ರಾತ್ರಿಯಿಡೀ ಬಿಡಿ. ಮರುದಿನ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಹೀಟ್ ಗನ್ನಿನಿಂದ, ನೀರಿನ ಹನಿ ಬಿದ್ದೊಡನೆ ಚುರ್ ಎಂದು ಆರಿಹೋಗುವಷ್ಟು ಕಾಸಿ. ಬೆಂಕಿಯ ಜ್ವಾಲೆ ಬಳಸಬೇಡಿ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ನೋಡನೋಡುತ್ತಲೇ ಕುಸಿಯುತ್ತದೆ. ಬಳಿಕ ತುಂಡಿನ ಎರಡು ಬದಿಯನ್ನು ಅರದಿಂದ ಚಪ್ಪಟೆ ಮಾಡಿ ಸ್ಪ್ಯಾನರ್ ಹಾಕಿ, ಅಥವಾ ಒಳ್ಳೆಯ ಲಾಕಿಂಗ್ ಪ್ಲೈಯರಿನಿಂದ ಬಲವಾಗಿ ಕಚ್ಚಿಸಿ. ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಈ ಹೊತ್ತಿನಲ್ಲಿ ಕಣ್ಣಿಗಿಂತ ಕೈಯನ್ನು ನಂಬಬೇಕು. ಕಿರ್ ಎಂಬ ಸದ್ದಿನೊಂದಿಗೆ ಸ್ಪ್ಯಾನರ್ ಕೂದಲೆಳೆಯಷ್ಟು ಸರಿದು ಅಲ್ಲಿಯೇ ನಿಂತರೆ ಥ್ರೆಡ್ ಬಿಡುತ್ತಿದೆ ಎಂದರ್ಥ. ಸದ್ದಿಲ್ಲದೆ ಮೆತ್ತಗೆ ಸರಿದು, ಕೈ ಸಡಿಲಿಸಿದಾಗ ರಬ್ಬರಿನಂತೆ ಹಿಂದಕ್ಕೆ ಬಂದರೆ ತುಂಡು ತಿರುಚಿಕೊಳ್ಳುತ್ತಿದೆ, ಇನ್ನೊಂದು ಒತ್ತಿಗೆ ಮುರಿಯುತ್ತದೆ. ಹಾಗಾದಾಗ ನಿಲ್ಲಿಸಿ, ತಣಿಯಲು ಬಿಟ್ಟು, ಮತ್ತೆ ಎಣ್ಣೆ, ಮತ್ತೆ ಬಿಸಿ. ಎರಡು ಮೂರು ದಿನ ಹಿಡಿದರೂ ಹಿಡಿಯಲಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಹೊಸೆದವರು ಇಂಥದ್ದೇ ಕೆಲಸ ನೋಡಿರಬೇಕು.

ಅಷ್ಟಾದರೂ ತುಂಡು ಹೆಡ್ಡಿನ ಮಟ್ಟಕ್ಕೆ ಮುರಿದುಹೋದರೆ ಕೊರೆಯುವುದೊಂದೇ ದಾರಿ. ಕೊರೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ನಡುಬಿಂದು ಹಿಡಿಯುವುದೇ ಆಗಿದೆ. ಮುರಿದ ಮುಖ ಸಮತಟ್ಟಾಗಿರುವುದಿಲ್ಲ: ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು, ನಡುವೆ ಹರಳುಹರಳಾದ ಬೂದುಬಣ್ಣ. ಡ್ರಿಲ್ ಬಿಟ್ ಅದರ ಮೇಲೆ ಕುಳಿತೊಡನೆ ತಗ್ಗಿನ ಕಡೆಗೆ ಜಾರಿ, ಅಂಚು ದಾಟಿ, ಉಕ್ಕಿಗಿಂತ ಬಹಳ ಮೆದುವಾದ ಅಲ್ಯೂಮಿನಿಯಮ್ಮಿನೊಳಕ್ಕೆ ಇಳಿದುಬಿಡುತ್ತದೆ. ಆ ಮೇಲೆ ಆ ರಂಧ್ರವನ್ನು ನೆಟ್ಟಗೆ ಮಾಡುವುದು ಬಹಳ ಕಷ್ಟ. ಸೆಂಟರ್ ಪಂಚಿನ ಒಂದೇ ಗುರುತನ್ನು ನೆಚ್ಚಿಕೊಳ್ಳುವುದಕ್ಕಿಂತ ಉತ್ತಮವಾದ ಉಪಾಯ ನಿಮ್ಮ ಕೈಯಲ್ಲೇ ಇದೆ. ಅದು ಆ ಥರ್ಮೋಸ್ಟಾಟ್ ಮುಚ್ಚಳ. ಅದರ ಬೋಲ್ಟಿನ ರಂಧ್ರಕ್ಕೆ ಸರಿಯಾಗಿ ಕೂರುವ, ನಡುವೆ 3 ಮಿ.ಮೀ. ತೂತಿರುವ ಉಕ್ಕಿನ ಬುಷ್ ಒಂದನ್ನು ಹತ್ತಿರದ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಮುಚ್ಚಳವನ್ನು ಗ್ಯಾಸ್ಕೆಟ್ ಇಲ್ಲದೆ ಮತ್ತೆ ಕೂರಿಸಿ, ಸರಿಯಿರುವ ಬೋಲ್ಟಿನಿಂದ ಬಿಗಿದು, ಬುಷ್ಷಿನ ಮೂಲಕ ಕೊರೆದರೆ ಬಿಟ್ ಅತ್ತಿತ್ತ ಸರಿಯಲಾರದು. ತಾಸುಗಟ್ಟಲೆ ಪರದಾಡಿಸುವ ಕೆಲಸವನ್ನು ಈ ಪುಟ್ಟ ಬುಷ್ ಕೆಲವೇ ನಿಮಿಷಗಳಿಗೆ ಇಳಿಸುತ್ತದೆ.

ಮೊದಲ ರಂಧ್ರಕ್ಕೆ ಎಡಗೈ ಬಿಟ್, ಅಂದರೆ ಡ್ರಿಲ್ಲನ್ನು ಹಿಂದುಮುಂದಾಗಿ ತಿರುಗಿಸಿದಾಗ ಕೊರೆಯುವ ಬಿಟ್ ಸಿಕ್ಕರೆ ಅದನ್ನೇ ಬಳಸಿ. ಕೊರೆತದ ಬಿಸಿ ಮತ್ತು ಬಿಚ್ಚುವ ದಿಕ್ಕಿನ ಎಳೆತ ಎರಡೂ ಸೇರಿ ಕೆಲವೊಮ್ಮೆ ತುಂಡು ತಾನಾಗಿಯೇ ಹೊರಬರುತ್ತದೆ. ಬಾರದಿದ್ದರೆ 3 ಮಿ.ಮೀ. ರಂಧ್ರವನ್ನು 5ಕ್ಕೆ, ಅಲ್ಲಿಂದ 6.5ಕ್ಕೆ, ಕೊನೆಗೆ ಎಂ8ರ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಇಳಿಸಲು ಬೇಕಾದ ಅಳತೆಯಾದ 6.8 ಮಿ.ಮೀ.ಗೆ ಏರಿಸುತ್ತ ಹೋಗಿ. ಡ್ರಿಲ್ಲಿನ ವೇಗ ಕಡಿಮೆಯಿರಲಿ, ಎಣ್ಣೆ ಧಾರಾಳವಾಗಿರಲಿ, ಕಣ್ಣಿಗೆ ಕನ್ನಡಕವಿರಲಿ. ಸರಿಯಿರುವ ಬೋಲ್ಟಿನ ಉದ್ದದಿಂದ ಮುಚ್ಚಳದ ದಪ್ಪವನ್ನು ಕಳೆದರೆ ಎಷ್ಟು ಆಳ ಕೊರೆಯಬೇಕೆಂದು ತಿಳಿಯುತ್ತದೆ. ಅಷ್ಟಕ್ಕೆ ಬಿಟ್ಟಿನ ಮೇಲೆ ಟೇಪು ಸುತ್ತಿಕೊಳ್ಳಿ, ಏಕೆಂದರೆ ಅದರಾಚೆ ನೀರಿನ ದಾರಿ ಇರಬಹುದು. ನಡುಬಿಂದು ಸರಿಯಾಗಿದ್ದರೆ ಕೊನೆಯಲ್ಲಿ ಉಳಿಯುವುದು ಥ್ರೆಡ್ಡಿಗೆ ಅಂಟಿದ ತೆಳುವಾದ ಉಕ್ಕಿನ ಸುರುಳಿ ಮಾತ್ರ. ಅದರ ತುದಿಯನ್ನು ಚೂಪಾದ ಸೂಜಿಯಿಂದ ಒಳಕ್ಕೆ ಬಾಗಿಸಿ, ಮೂತಿ ಚಿಕ್ಕದಾದ ಇಕ್ಕಳದಿಂದ ಹಿಡಿದೆಳೆದರೆ ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಬರುತ್ತದೆ. ಆಮೇಲೆ ಎಂ8 × 1.25 ಟ್ಯಾಪನ್ನು ಕೈಯಿಂದಲೇ, ಒಂದು ಸುತ್ತು ಮುಂದೆ ಅರ್ಧ ಸುತ್ತು ಹಿಂದೆ ಎಂಬಂತೆ ಇಳಿಸಿ ಥ್ರೆಡ್ ಶುಚಿ ಮಾಡಿ. ಉಕ್ಕಿನ ಚೂರುಗಳು ನೀರಿನ ದಾರಿಗೆ ಬೀಳದಂತೆ ಮೊದಲೇ ಬಟ್ಟೆ ತುರುಕಿರಬೇಕು.

ಥ್ರೆಡ್ ಕೆಟ್ಟರೂ ಹೆಡ್ ಕೆಟ್ಟಂತಲ್ಲ. ರಂಧ್ರವನ್ನು 8.3 ಮಿ.ಮೀ.ಗೆ ಹಿಗ್ಗಿಸಿ, ಅದಕ್ಕೆಂದೇ ಇರುವ ಟ್ಯಾಪ್ ಹಾಕಿ, ಹೆಲಿಕಾಯಿಲ್ ಎಂಬ ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ಕೂರಿಸಿದರೆ ಮೊದಲಿನ ಅಳತೆಯ ಬೋಲ್ಟೇ ಹಿಡಿಯುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಇದು ಮೂಲ ಥ್ರೆಡ್ಡಿಗಿಂತ ಗಟ್ಟಿಯಾಗಿಯೇ ಇರುತ್ತದೆ.

ಪ್ರಶ್ನೆ: ವಾಲ್ವ್ ಕವರಿನಿಂದ ಎಣ್ಣೆ ಜಿನುಗುತ್ತಿತ್ತೆಂದು ಬೋಲ್ಟು ಬಿಗಿಯುತ್ತಿದ್ದಾಗ ಹತ್ತರ ಬೋಲ್ಟೊಂದು ಪಟ್ಟೆಂದು ಮುರಿಯಿತು. ವೆಲ್ಡಿಂಗ್ ಮಾಡಿಸಬೇಕೇ? (ಹಾಸನ)

ಉತ್ತರ: ಬೇಡ. ಹತ್ತರ ಸ್ಪ್ಯಾನರಿನ ಬೋಲ್ಟು ಎಂ6. ಸಾಧಾರಣ ಉಕ್ಕಿನದಾದರೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತವೇ ಅದಕ್ಕೆ ಸಾಕು. ಅರ್ಧ ಇಂಚಿನ ಉದ್ದ ಹಿಡಿಯ ರ‍್ಯಾಚೆಟ್ಟಿನಲ್ಲಿ ಅಷ್ಟನ್ನು ಕೈಯಂದಾಜಿನಿಂದ ನಿಲ್ಲಿಸುವುದು ಅನುಭವಿಗಳಿಗೂ ಕಷ್ಟ. ಬಿಗಿಯುವಾಗ ಮುರಿದದ್ದಾದ್ದರಿಂದ ತುಂಡು ಸಡಿಲವಾಗಿರುತ್ತದೆ. ಕವರ್ ತೆಗೆದ ಮೇಲೆ ಅದು ಹೊರಗೆ ಚಾಚಿದ್ದರೆ ಪ್ಲೈಯರಿನಿಂದಲೇ ಬರುತ್ತದೆ. ಒಳಗೆ ಉಳಿದಿದ್ದರೆ ಚೂಪಾದ ಸಣ್ಣ ಪಂಚನ್ನು ಅದರ ಅಂಚಿಗೆ ಓರೆಯಾಗಿ ಹಿಡಿದು, ಬಿಚ್ಚುವ ದಿಕ್ಕಿಗೆ ತಟ್ಟುತ್ತ ಸುತ್ತಿಸಿ. ಎಣ್ಣೆ ಜಿನುಗಿದ್ದು ಗ್ಯಾಸ್ಕೆಟ್ಟಿನ ರಬ್ಬರು ಗಟ್ಟಿಯಾಗಿದ್ದರಿಂದ. ಬೋಲ್ಟು ಬಿಗಿದು ಅದನ್ನು ನಿಲ್ಲಿಸಲಾಗದು, ಹೊಸ ಗ್ಯಾಸ್ಕೆಟ್ ಹಾಕಿ.

ಪ್ರಶ್ನೆ: ವಾಟರ್ ಪಂಪಿನ ಬೋಲ್ಟು ಬ್ಲಾಕಿನಲ್ಲಿ ಮುರಿದಿತ್ತು. ಕೊರೆದು ಎಕ್ಸ್‌ಟ್ರ್ಯಾಕ್ಟರ್ ಹಾಕಿ ತಿರುಗಿಸಿದಾಗ ಅದೂ ಒಳಗೇ ಮುರಿದಿದೆ. ಕೋಬಾಲ್ಟ್ ಬಿಟ್ ಹಾಕಿದರೂ ಕಚ್ಚುತ್ತಿಲ್ಲ. (ಬೆಂಗಳೂರು)

ಉತ್ತರ: ಗಾಯದ ಮೇಲೆ ಬರೆ ಎಳೆದಂತಾಗಿದೆ, ಆದರೂ ದಾರಿ ಮುಚ್ಚಿಲ್ಲ. ಎಕ್ಸ್‌ಟ್ರ್ಯಾಕ್ಟರನ್ನು ಹದಗೊಳಿಸಿದ ಗಟ್ಟಿ ಉಕ್ಕಿನಿಂದ ಮಾಡಿರುತ್ತಾರೆ. ಸಾಧಾರಣ ಬಿಟ್ ಅದರ ಮೇಲೆ ಜಾರುತ್ತದೆ, ಬಲವಂತ ಮಾಡಿದರೆ ಪಕ್ಕದ ಮೆದು ಲೋಹವನ್ನು ತಿನ್ನುತ್ತದೆ. ಆದ್ದರಿಂದ ಡ್ರಿಲ್ ಕೆಳಗಿಡಿ. ಗಟ್ಟಿಯಾದದ್ದು ಗಾಜಿನಂತೆ ಸಿಡಿಯುವ ಸ್ವಭಾವದ್ದೂ ಆಗಿರುವುದರಿಂದ, ಕನ್ನಡಕ ಹಾಕಿಕೊಂಡು ಮೊನಚಾದ ಪಂಚಿನಿಂದ ಪೆಟ್ಟು ಕೊಟ್ಟರೆ ಅದು ಚೂರಾಗಿ ಬರಬಹುದು. ಬಾರದಿದ್ದರೆ ಕೈಗ್ರೈಂಡರಿಗೆ ಕಾರ್ಬೈಡ್ ಬರ್ ಹಾಕಿ ಸ್ವಲ್ಪಸ್ವಲ್ಪವೇ ಸವೆಸಬಹುದು. ಇದಕ್ಕೆ ನಡುಗದ ಕೈಯೂ ಬಿಡುವಿನ ದಿನವೂ ಬೇಕು.

ಖಚಿತವಾದ ದಾರಿ ಸ್ಪಾರ್ಕ್ ಇರೋಷನ್. ಹಿತ್ತಾಳೆ ಅಥವಾ ತಾಮ್ರದ ಕಡ್ಡಿಯೊಂದು ಮುರಿದ ತುಂಡಿನ ಸಮೀಪಕ್ಕೆ ಬಂದು, ಸುತ್ತ ಹರಿಯುವ ದ್ರವದಲ್ಲಿ ಸೆಕೆಂಡಿಗೆ ಸಾವಿರಾರು ಕಿಡಿ ಹಾರಿಸುತ್ತ ಲೋಹವನ್ನು ಕಣಕಣವಾಗಿ ಕರಗಿಸುತ್ತದೆ. ತುಂಡು ಎಷ್ಟೇ ಗಟ್ಟಿಯಾಗಿದ್ದರೂ ಕಿಡಿಗೆ ಲೆಕ್ಕವಿಲ್ಲ, ಸುತ್ತಲಿನ ಥ್ರೆಡ್ಡಿಗೆ ಒತ್ತಡವೂ ಬೀಳುವುದಿಲ್ಲ. ಸೋವಿಯತ್ ಒಕ್ಕೂಟದ ಲಝರೆಂಕೊ ದಂಪತಿ 1943ರಲ್ಲಿ ಈ ತತ್ತ್ವದ ಯಂತ್ರವನ್ನು ರೂಪಿಸಿದರು. ಸರಿಸುಮಾರು ಅದೇ ಕಾಲದಲ್ಲಿ ಅಮೆರಿಕದ ಸ್ಟಾರ್ಕ್, ಹಾರ್ಡಿಂಗ್ ಮತ್ತು ಬೀವರ್ ಎಂಬ ಮೂವರು ಬೇರೆಯಾಗಿಯೇ ಇಂಥ ಯಂತ್ರ ಕಟ್ಟಿದ್ದು ಅಲ್ಯೂಮಿನಿಯಂ ಎರಕಗಳಲ್ಲಿ ಮುರಿದುಳಿದ ಡ್ರಿಲ್ಲು ಮತ್ತು ಟ್ಯಾಪುಗಳನ್ನು ತೆಗೆಯಲೆಂದೇ. ಲೋಹ, ಪ್ಲಾಸ್ಟಿಕ್ಕುಗಳ ಅಚ್ಚು ತಯಾರಿಸುವ ಇಂದಿನ ದೊಡ್ಡ ಉದ್ಯಮದ ಆ ಯಂತ್ರದ ಹುಟ್ಟಿನಲ್ಲಿ ನಿಮ್ಮ ಸಂಕಟದಂಥದ್ದೇ ಒಂದು ಸಂಕಟವಿತ್ತು. ಪೀಣ್ಯ ಕೈಗಾರಿಕಾ ಪ್ರದೇಶದ ಟೂಲ್‌ರೂಮುಗಳಲ್ಲಿ ವಿಚಾರಿಸಿ. ಮುರಿದ ಟ್ಯಾಪ್ ತೆಗೆಯುವ, ಹೊತ್ತೊಯ್ಯಬಲ್ಲ ಚಿಕ್ಕ ಯಂತ್ರ ಇರುವವರು ಸಿಕ್ಕರೆ ಎಂಜಿನ್ ಇಳಿಸುವ ಖರ್ಚು ಉಳಿಯುತ್ತದೆ. ಇಲ್ಲದಿದ್ದರೆ ಹಳೆಯ ಕಾರಿಗೆ ಮೂಗಿಗಿಂತ ಮೂಗುತಿ ಭಾರವಾದೀತು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ತುಂಡು ಮುರಿದಿರುವುದು ಕಳಚಿ ತೆಗೆಯಬಹುದಾದ, ಉಕ್ಕಿನ ಬೇರಾವ ಭಾಗವೂ ಇಲ್ಲದ ಸಣ್ಣ ಅಲ್ಯೂಮಿನಿಯಂ ಎರಕದಲ್ಲಾದರೆ, ಕ್ಷೌರದಂಗಡಿಯ ಪಟಿಕ ನೆರವಿಗೆ ಬರುತ್ತದೆ. ಪಟಿಕದ ಗಟ್ಟಿ ದ್ರಾವಣವನ್ನು ಬಿಸಿಯಾಗಿಟ್ಟು ಅದರಲ್ಲಿ ಎರಕವನ್ನು ಮುಳುಗಿಸಿದರೆ ಉಕ್ಕು ಕರಗಿ ಕಪ್ಪು ಕೆಸರಾಗುತ್ತದೆ, ಅಲ್ಯೂಮಿನಿಯಂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಗಡಿಯಾರ ರಿಪೇರಿ ಮಾಡುವವರು ಹಿತ್ತಾಳೆಯಲ್ಲಿ ಮುರಿದ ಸ್ಕ್ರೂ ತೆಗೆಯಲು ಬಳಸುವ ಹಳೆಯ ವಿಧಾನವಿದು. ಬೋಲ್ಟು ದಪ್ಪವಾದಷ್ಟೂ ದಿನ ಹೆಚ್ಚು ಹಿಡಿಯುತ್ತದೆ. ನಿಮ್ಮ ಬ್ಲಾಕಿಗೆ ಮಾತ್ರ ಇದು ಹೊಂದದು.

ಪ್ರಶ್ನೆ: ನನ್ನ ವಿ8 ಪಿಕಪ್ಪನ್ನು ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಲ್ಲುತ್ತದೆ. ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಎರಕ) ಕೊನೆಯ ಬೋಲ್ಟಿಗೆ ತಲೆಯೇ ಇಲ್ಲ. ಮನೆಯಲ್ಲಿ ಮಿಗ್ ವೆಲ್ಡರ್ ಇದೆ. (ಮಿಷಿಗನ್, ಅಮೆರಿಕ)

ಉತ್ತರ: ಕೊನೆಯ ಬೋಲ್ಟೇ ಮುರಿಯುವುದಕ್ಕೆ ಕಾರಣವಿದೆ. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿಯವರೆಗೆ ಕಾದರೆ ಸುಮಾರು ಎರಡೂವರೆ ಮಿ.ಮೀ. ಉದ್ದವಾಗುತ್ತದೆ. ಅದನ್ನು ಹೊತ್ತ ಅಲ್ಯೂಮಿನಿಯಂ ಹೆಡ್ ನೀರಿನಿಂದ ತಂಪಾಗಿರುವುದರಿಂದ ಅಷ್ಟು ಹಿಗ್ಗುವುದಿಲ್ಲ. ಈ ಎಳೆದಾಟ ನಡುವಿನ ಬೋಲ್ಟುಗಳಿಗಿಂತ ಎರಡು ತುದಿಯವುಗಳ ಮೇಲೆ ಹೆಚ್ಚು ಬೀಳುತ್ತದೆ. ನಿಮ್ಮೂರಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಸುರಿಯುವ ಉಪ್ಪು ಉಳಿದ ಕೆಲಸವನ್ನು ಮುಗಿಸುತ್ತದೆ.

ವೆಲ್ಡರ್ ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮ್ಯಾನಿಫೋಲ್ಡ್ ಕಳಚಿ, ತುಂಡಿನ ತುದಿಯ ಮೇಲೆ ಮೊದಲು ವಾಷರ್ ಇಟ್ಟು, ಅದರ ನಡುವಿನಿಂದ ತುಂಡಿಗೆ ವೆಲ್ಡ್ ಮಾಡಿ, ಬಳಿಕ ಆ ವಾಷರಿಗೆ ನಟ್ ಬೆಸೆಯಿರಿ. ತುಂಡು ಹೆಡ್ಡಿನ ಮಟ್ಟಕ್ಕಿಂತ ಒಳಗಿದ್ದರೂ ಹನಿಹನಿಯಾಗಿ ಲೋಹ ಪೇರಿಸಿ ಮೇಲೆ ತರಬಹುದು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲವೆಂಬುದೇ ಇಲ್ಲಿಯ ಧೈರ್ಯ. ನಟ್ಟು ಹಿಡಿಯಲು ಸಿಗುವುದು ಅರ್ಧ ಲಾಭ ಮಾತ್ರ. ವೆಲ್ಡಿನ ಬಿಸಿಗೆ ಬೋಲ್ಟು ಹಿಗ್ಗಿ ತುಕ್ಕನ್ನು ಪುಡಿಮಾಡಿ, ತಣಿಯುವಾಗ ಕುಗ್ಗುವುದೇ ದೊಡ್ಡ ಲಾಭ. ಕೆಂಪು ಆರಿದ ಮೇಲೆ, ಇನ್ನೂ ಬೆಚ್ಚಗಿರುವಾಗಲೇ ನಿಧಾನವಾಗಿ ಅತ್ತಿತ್ತ ತಿರುಗಿಸಿ. ನಟ್ಟು ಕಿತ್ತುಬಂದರೆ ಎದೆಗುಂದಬೇಡಿ, ಇನ್ನೊಂದನ್ನು ಬೆಸೆಯಿರಿ. ಪ್ರತಿಯೊಂದು ಸಲದ ಬಿಸಿಯೂ ಹಿಡಿತವನ್ನು ಒಂದಿಷ್ಟು ಬಿಡಿಸುತ್ತದೆ.

ಎಚ್ಚರಿಕೆಯ ಮಾತುಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ವೆಲ್ಡರಿನ ಅರ್ತ್ ಹಿಡಿಕೆಯನ್ನು ಬೋಲ್ಟಿನ ಸಮೀಪದ ಹೆಡ್ಡಿಗೇ ಹಾಕಿ. ಪೆಟ್ರೋಲ್ ಪೈಪುಗಳನ್ನು ಬಿಸಿ ತಡೆಯುವ ಹೊದಿಕೆಯಿಂದ ಮುಚ್ಚಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಲೋರಿನ್ ಸಂಯುಕ್ತವಿರುವ ಬ್ರೇಕ್ ಕ್ಲೀನರಿನಿಂದ ಜಾಗ ಒರೆಸಿ ವೆಲ್ಡ್ ಮಾಡಬೇಡಿ. ಆ ದ್ರವ ವೆಲ್ಡಿನ ಕಿಡಿಗೆ ಫಾಸ್‌ಜೀನ್ ಎಂಬ ಮಾರಕ ಅನಿಲವಾಗುತ್ತದೆ. ಮ್ಯಾನಿಫೋಲ್ಡನ್ನು ಮರಳಿ ಹಾಕುವ ಮುನ್ನ ಅದರ ಮುಖಕ್ಕೆ ನೇರ ಪಟ್ಟಿಯಿಟ್ಟು ನೋಡಿ, ಬಾಗಿದ್ದರೆ ಮಿಲ್ಲಿಂಗ್ ಮಾಡಿಸಿ. ಇಲ್ಲವಾದರೆ ಹೊಸ ಬೋಲ್ಟಿಗೂ ಅದೇ ಗತಿ.

ಪ್ರಶ್ನೆ: ತಂದೆಯವರ ಕಾಲದ ಪೆಟ್ರೋಲ್ ಅಂಬಾಸಿಡರಿನ ಮ್ಯಾನಿಫೋಲ್ಡ್ ಸ್ಟಡ್ಡುಗಳು (ತಲೆಯಿಲ್ಲದ, ನಟ್ಟು ಹಾಕುವ ಬೋಲ್ಟುಗಳು) ತುಕ್ಕು ಹಿಡಿದಿವೆ. ಹೊಸ ಎಂ8 ನಟ್ಟು ಎರಡು ಸುತ್ತಿಗೇ ನಿಲ್ಲುತ್ತದೆ. (ಮೈಸೂರು)

ಉತ್ತರ: ಆ ನಟ್ಟನ್ನು ಅಲ್ಲಿಗೇ ನಿಲ್ಲಿಸಿ. ನಿಮ್ಮದು 1489 ಸಿಸಿ ಎಂಜಿನ್ ಆಗಿದ್ದರೆ ಅದು ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸರಣಿಯದು. ಅದರ ಥ್ರೆಡ್ಡುಗಳು ಇಂಚಿನ ಲೆಕ್ಕದವು. 5/16 ಇಂಚಿನ ಯುಎನ್‌ಎಫ್ (ಇಂಚಿನ ಲೆಕ್ಕದ ನುಣುಪು ಥ್ರೆಡ್) ಸ್ಟಡ್ಡಿನ ದಪ್ಪ 7.94 ಮಿ.ಮೀ., ಕಣ್ಣಿಗೆ ಎಂ8ರಂತೆಯೇ ಕಾಣುತ್ತದೆ. ಆದರೆ ಇಂಚಿಗೆ 24 ಸುತ್ತು ಇರುವುದರಿಂದ ಅದರ ಪಿಚ್ ಸುಮಾರು 1.06 ಮಿ.ಮೀ. ಬಲವಂತ ಮಾಡಿದರೆ ನಟ್ಟೂ ಹೋಗುತ್ತದೆ, ಸ್ಟಡ್ಡೂ ಮುರಿಯುತ್ತದೆ. ಇನ್ನೂ ಮುರಿಯದ ಸ್ಟಡ್ಡಿಗೆ ಸರಿಯಾದ ಥ್ರೆಡ್ಡಿನ ಎರಡು ನಟ್ಟು ಹಾಕಿ, ಒಂದಕ್ಕೊಂದು ಬಿಗಿದು, ಕೆಳಗಿನದಕ್ಕೆ ಸ್ಪ್ಯಾನರ್ ಕೊಟ್ಟು ಬಿಚ್ಚಿ. ಈ ಎಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು; ಕಬ್ಬಿಣ ಮತ್ತು ಉಕ್ಕು ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುವುದರಿಂದ ಎರಡನ್ನೂ ಒಟ್ಟಿಗೆ ಕಾಸಿ ಪ್ರಯೋಜನವಿಲ್ಲ. ಕಾರ್ಬ್ಯುರೇಟರನ್ನೂ ಪೆಟ್ರೋಲ್ ಪೈಪನ್ನೂ ತೆಗೆದಿಟ್ಟು, ಸ್ಟಡ್ಡಿನ ಬುಡವನ್ನಷ್ಟೇ ಗ್ಯಾಸ್ ಟಾರ್ಚಿನಿಂದ ಚೆನ್ನಾಗಿ ಕಾಸಿ, ಸ್ವಲ್ಪ ಆರಿದಾಗ ಮೇಣದ ಬತ್ತಿಯನ್ನು ಮುಟ್ಟಿಸಿ. ಕರಗಿದ ಮೇಣ ಥ್ರೆಡ್ಡಿನ ಬಿರುಕಿಗೆ ಸರ್ರನೆ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಡೀಸೆಲ್ ಕಾರಿನ ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಕಡ್ಡಿ) ಅರ್ಧಕ್ಕೆ ಮುರಿದಿದೆ. ಕೊರೆದು ತೆಗೆಯಬಹುದೇ? (ಹುಬ್ಬಳ್ಳಿ)

ಉತ್ತರ: ಮನೆಯಲ್ಲಿ ಬೇಡ. ಅದರ ತುದಿ ನೇರವಾಗಿ ದಹನ ಕೋಣೆಯೊಳಗಿದೆ. ಕೊರೆದ ಚೂರು ಅಥವಾ ತುದಿಯೇ ಪಿಸ್ಟನ್ನಿನ ಮೇಲೆ ಬಿದ್ದರೆ ಎಂಜಿನ್ ಹಾಳಾಗುತ್ತದೆ. ಈ ಕೆಲಸಕ್ಕೆ ಪ್ರತ್ಯೇಕ ಮಾರ್ಗದರ್ಶಿ ಬುಷ್ಷು ಮತ್ತು ಎಳೆಯುವ ಉಪಕರಣ ಇರುವ ಇಂಜೆಕ್ಟರ್ ವರ್ಕ್‌ಶಾಪಿಗೆ ಒಯ್ಯಿರಿ, ಅಲ್ಲಿಯವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಉಳಿದ ಗ್ಲೋ ಪ್ಲಗ್ಗುಗಳನ್ನು ಎಂಜಿನ್ ಬೆಚ್ಚಗಿರುವಾಗ, ತಯಾರಕರು ಹೇಳಿದ ಮಿತಿಯೊಳಗೆ ಮಾತ್ರ ಬಿಚ್ಚಿಸಿ.

ಪ್ರಶ್ನೆ: ಹೊಸ ಬೋಲ್ಟು ಹಾಕುವಾಗ ಗ್ರೀಸ್ ಹಚ್ಚಬೇಕೇ, ಆಂಟಿ-ಸೀಝ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಬೇಕೇ? (ಶಿವಮೊಗ್ಗ)

ಉತ್ತರ: ಅಲ್ಯೂಮಿನಿಯಮ್ಮಿಗೆ ಹೋಗುವ, ನೀರು ಅಥವಾ ಹೊಗೆಯ ಬಿಸಿ ತಾಗುವ ಬೋಲ್ಟುಗಳಿಗೆ ಆಂಟಿ-ಸೀಝ್ ತೆಳುವಾಗಿ ಸಾಕು, ಸಾಧಾರಣ ಗ್ರೀಸ್ ಎಕ್ಸಾಸ್ಟಿನ ಬಿಸಿಗೆ ಸುಟ್ಟು ಇಂಗಾಲವಾಗಿ ತಾನೇ ಅಂಟಾಗುತ್ತದೆ. ಜಾರುವಿಕೆ ಹೆಚ್ಚಿದಾಗ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ. ಕೈಪಿಡಿ ಒಣ ಥ್ರೆಡ್ಡಿನ ಅಂಕಿ ಕೊಟ್ಟಿದ್ದರೆ ಅದನ್ನು ಐದನೇ ಒಂದು ಪಾಲಿನಷ್ಟಾದರೂ ತಗ್ಗಿಸಿ. ಸ್ಪಾರ್ಕ್ ಪ್ಲಗ್ಗಿಗೆ ಹಚ್ಚಬೇಡಿ. ಲೇಪನವಿರುವ ತಮ್ಮ ಪ್ಲಗ್ಗುಗಳಿಗೆ ಅದರ ಅಗತ್ಯವಿಲ್ಲ, ಹಚ್ಚಿದರೆ ಅತಿಯಾಗಿ ಬಿಗಿಯುವ ಅಪಾಯವಿದೆ ಎಂದು ಎನ್‌ಜಿಕೆ ಕಂಪನಿಯೇ ಹೇಳುತ್ತದೆ. ತಳ ಮುಚ್ಚಿದ ರಂಧ್ರಗಳಲ್ಲಿ ಹಳೆಯ ಎಣ್ಣೆ ಅಥವಾ ಕೂಲೆಂಟ್ ನಿಂತಿದ್ದರೆ ಬೋಲ್ಟು ಹಾಕುವ ಮುನ್ನ ಬಟ್ಟೆಯ ಬತ್ತಿಯಿಂದ ಹೀರಿ ತೆಗೆಯಿರಿ; ದ್ರವ ಅದುಮಿಕೊಳ್ಳದಾದ್ದರಿಂದ ಬೋಲ್ಟು ಇಳಿದಂತೆ ಅದರ ಒತ್ತಡ ಏರಿ ಎರಕವೇ ಸೀಳಬಹುದು.